ಕೆಟ್ಟ ಹಾರ್ಡ್ ಡಿಸ್ಕ್ ಫ್ರೀಜರ್‌ನಲ್ಲಿಟ್ಟರೆ ಫೋಟೋಗಳು ವಾಪಸ್ ಬರುತ್ತವೆಯೇ?

ಹಾರ್ಡ್ ಡಿಸ್ಕ್ ಓಪನ್ ಆಗದಿದ್ದರೆ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ನೀರಿಗೆ ಬಿದ್ದಿದ್ದರೆ ಅಕ್ಕಿ ಡಬ್ಬಿಯಲ್ಲಿ ಹೂತಿಡಿ. ಟಕ್ ಟಕ್ ಸದ್ದು ಬಂದರೆ ಮೆಲ್ಲಗೆ ತಟ್ಟಿ. ಅದಕ್ಕೂ ಜಗ್ಗದಿದ್ದರೆ ಲಿಂಕ್ ಒತ್ತಿ ಸಾಫ್ಟ್‌ವೇರ್ ಹಾಕಿಕೊಳ್ಳಿ. ಇಂಥ ‘ಮನೆಮದ್ದು’ಗಳು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮತ್ತು ಕಿರು ವಿಡಿಯೋಗಳಲ್ಲಿ ವರ್ಷಗಳಿಂದ ಸುತ್ತುತ್ತಿವೆ. ಇವುಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂದು ನೋಡೋಣ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ಹಾರ್ಡ್ ಡಿಸ್ಕ್ ಕೆಟ್ಟಾಗ ಬಹಳಷ್ಟು ಸಲ ಕೆಟ್ಟಿರುವುದು ಯಂತ್ರ, ಅದರೊಳಗಿನ ಮಾಹಿತಿಯಲ್ಲ. ಯಂತ್ರ ಕೆಟ್ಟ ಮೇಲೆ ನಾವು ಮಾಡುವ ಪ್ರಯೋಗಗಳೇ ಎಷ್ಟೋ ಸಲ ಮಾಹಿತಿಯನ್ನು ಅಳಿಸಿಹಾಕುತ್ತವೆ. ಹಾಗಾಗಿ ಮೊದಲ ಚಿಕಿತ್ಸೆ ಒಂದೇ: ಕೇಬಲ್ ಕಿತ್ತು ಪಕ್ಕಕ್ಕಿಡುವುದು.

ಇದು ಬಾಗಲಕೋಟೆಯವರಿಗೆ ಯಾಕೆ ಮುಖ್ಯ?

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟೆಯಿಂದ ಬಿಟ್ಟ ನೀರಿನಿಂದ ಮಲಪ್ರಭೆ ಉಕ್ಕಿ ಹರಿದಳು. ಬಾದಾಮಿ ಮತ್ತು ಹುನಗುಂದ ಭಾಗದ ನದಿದಂಡೆಯ ಹಳ್ಳಿಗಳು ಜಲಾವೃತವಾದವು. ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೂ ನೀರು ನುಗ್ಗಿತು. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ವಾರದ ನೆರೆಯನ್ನೂ ಈ ಭಾಗದ ಜನ ಮರೆತಿಲ್ಲ. ನೆರೆ ಇಳಿದ ಮೇಲೆ ಜನ ಕಾಳು, ಹಾಸಿಗೆ, ಕಾಗದಪತ್ರ ಬಿಸಿಲಿಗೆ ಹಾಕುತ್ತಾರೆ. ಇವತ್ತು ಆ ಸಾಲಿಗೆ ಹಾರ್ಡ್ ಡಿಸ್ಕ್ ಕೂಡ ಸೇರುತ್ತದೆ. ಫೋಟೋ ಸ್ಟುಡಿಯೋದವರ ಮದುವೆ, ಕುಬಸ, ತೊಟ್ಟಿಲು ಕಾರ್ಯದ ಫೋಟೋಗಳು ಅದರಲ್ಲಿರುತ್ತವೆ. ಇಳಕಲ್ ಮತ್ತು ಗುಳೇದಗುಡ್ಡದಂಥ ನೇಕಾರರ ಊರುಗಳಲ್ಲಿ ಕಂಪ್ಯೂಟರ್‌ನಲ್ಲಿ ಬರೆದ ದಡಿ, ಸೆರಗಿನ ವಿನ್ಯಾಸಗಳೂ ಇರಬಹುದು.

ಬಾಗಲಕೋಟೆಗೆ ಇನ್ನೊಂದು ಕಾರಣವೂ ಇದೆ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಒಂದು ಭಾಗ ಮುಳುಗಿ, ಜನ ನವನಗರಕ್ಕೆ ಬಂದರು. ಮುಳುಗಡೆಯಾದ ಮನೆ, ಓಣಿ, ಗುಡಿಗಳ ಹಳೆ ಫೋಟೋಗಳನ್ನು ಸ್ಕ್ಯಾನ್ ಮಾಡಿಟ್ಟುಕೊಂಡವರಿಗೆ ಅವನ್ನು ಮತ್ತೆ ತೆಗೆಯುವ ಅವಕಾಶವಿಲ್ಲ. ಪಹಣಿ ಕಳೆದರೆ ‘ಭೂಮಿ’ ವ್ಯವಸ್ಥೆಯಿಂದ ಮತ್ತೆ ಪಡೆಯಬಹುದು. ಅಂಕಪಟ್ಟಿಯ ನಕಲನ್ನು ಮಂಡಳಿಯಿಂದ ತರಿಸಬಹುದು. ನೀರಿನಡಿ ಹೋದ ಮನೆಯ ಅಂಗಳದಲ್ಲಿ ಅಜ್ಜ ನಿಂತಿದ್ದ ಫೋಟೋವನ್ನು ಯಾವ ಕಚೇರಿಯೂ ಕೊಡಲಾರದು.

ಹಾರ್ಡ್ ಡಿಸ್ಕ್ ಒಳಗೆ ಏನಿರುತ್ತದೆ?

ಜೇಬಿಗೆ ಹಿಡಿಸುವಂಥ ಸಾಮಾನ್ಯ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಒಳಗೆ ಕನ್ನಡಿಯಂತೆ ಹೊಳೆಯುವ ಒಂದೆರಡು ದುಂಡನೆಯ ತಟ್ಟೆಗಳಿರುತ್ತವೆ. ಅವು ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತವೆ. ಆಗ ತಟ್ಟೆಯ ಅಂಚಿನ ವೇಗ ಗಂಟೆಗೆ 60 ಕಿ.ಮೀ. ದಾಟುತ್ತದೆ. ತಟ್ಟೆಯ ಮೇಲಿನ ತೆಳು ಕಾಂತೀಯ ಲೇಪನದಲ್ಲಿ ನಿಮ್ಮ ಫೋಟೋ, ವಿಡಿಯೋ ಎಲ್ಲವೂ ಕಾಂತದ ಗುರುತುಗಳಾಗಿ ದಾಖಲಾಗಿರುತ್ತವೆ.

ಆ ಗುರುತುಗಳನ್ನು ಓದುವ ಪುಟ್ಟ ಭಾಗಕ್ಕೆ ‘ಹೆಡ್’ ಎನ್ನುತ್ತಾರೆ. ಹಳೆ ಗ್ರಾಮಫೋನಿನ ಮುಳ್ಳು ಪ್ಲೇಟಿಗೆ ತಾಗಿಕೊಂಡು ಓಡುತ್ತಿತ್ತು. ಈ ಹೆಡ್ ಹಾಗಲ್ಲ, ತಟ್ಟೆಗೆ ತಾಗದೆ ಕೆಲವೇ ನ್ಯಾನೋಮೀಟರ್ ಮೇಲೆ ಗಾಳಿಯ ಪದರದ ಮೇಲೆ ತೇಲುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಹೆಡ್‌ನ ಮಟ್ಟಿಗೆ ಒಂದು ಧೂಳಿನ ಕಣವೂ ರಸ್ತೆಗೆ ಅಡ್ಡ ಬಿದ್ದ ಬಂಡೆಯಿದ್ದ ಹಾಗೆ.

ಇದಿಷ್ಟು ಗೊತ್ತಿದ್ದರೆ ಫಾರ್ವರ್ಡ್‌ಗಳ ಒಂದೊಂದು ಸಲಹೆಯನ್ನೂ ನಾವೇ ಪರೀಕ್ಷಿಸಬಹುದು.

1. ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆಯೇ?

ಈ ಸಲಹೆ ಪೂರ್ತಿ ಕಟ್ಟುಕಥೆಯೇನೂ ಅಲ್ಲ. ಹಳೆ ಕಾಲದ ಕೆಲವು ಡಿಸ್ಕ್‌ಗಳಲ್ಲಿ ಹೆಡ್ ತಟ್ಟೆಗೆ ಅಂಟಿಕೊಳ್ಳುವ ತೊಂದರೆಯಿತ್ತು. ತಣ್ಣಗಾದಾಗ ಲೋಹ ಕುಗ್ಗಿ, ಅಂಟು ಬಿಟ್ಟು, ಡಿಸ್ಕ್ ಸ್ವಲ್ಪ ಹೊತ್ತು ಓಡಿದ ಉದಾಹರಣೆಗಳಿದ್ದವು. ಇಂದಿನ ಡಿಸ್ಕ್‌ಗಳಲ್ಲಿ ಕೆಲಸ ಮುಗಿದಾಗ ಹೆಡ್ ತಟ್ಟೆಯಿಂದ ಹೊರಗೆ ಸರಿದು, ತನಗಾಗಿ ಮಾಡಿದ ಜಾಗದಲ್ಲಿ ನಿಲ್ಲುತ್ತದೆ. ತೊಂದರೆಯ ಸ್ವರೂಪವೇ ಬದಲಾಗಿದ್ದರೂ ಹಳೆ ಮದ್ದು ಮಾತ್ರ ಫಾರ್ವರ್ಡ್ ಆಗುತ್ತಲೇ ಇದೆ.

ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿ ಹೊರಗಿಟ್ಟ ಕೂಡಲೇ ಬೆವರುತ್ತದಲ್ಲ, ಡಿಸ್ಕ್ ಕೂಡ ಹಾಗೆಯೇ ಬೆವರುತ್ತದೆ. ಹೆಚ್ಚಿನ ಡಿಸ್ಕ್‌ಗಳಲ್ಲಿ ಗಾಳಿಯ ಒತ್ತಡ ಸರಿದೂಗಿಸಲು ಫಿಲ್ಟರ್ ಇರುವ ಸಣ್ಣ ರಂಧ್ರವಿರುತ್ತದೆ, ಹಾಗಾಗಿ ತೇವಾಂಶ ಒಳಗೂ ಇರುತ್ತದೆ. ತಟ್ಟೆಯ ಮೇಲೆ ಕೂತ ಸಣ್ಣ ಹನಿಗೆ ತಿರುಗುವಾಗ ಹೆಡ್ ಬಡಿದರೆ ಮೇಲ್ಮೈ ಕೆರೆದುಹೋಗುತ್ತದೆ. ಹಾಗೆ ಕೆರೆದುಹೋದ ಜಾಗದ ಮಾಹಿತಿಯನ್ನು ಯಾವ ಲ್ಯಾಬ್ ಕೂಡ ಮರಳಿ ತರಲಾಗದು.

ನಮ್ಮ ತೀರ್ಪು: ಮಾಡಬೇಡಿ.

2. ನೆನೆದ ಡಿಸ್ಕ್ ಅಕ್ಕಿಯಲ್ಲಿಟ್ಟರೆ ಒಣಗುತ್ತದೆಯೇ?

ನೀರು ಕಾಂತೀಯ ಗುರುತುಗಳನ್ನು ಅಳಿಸುವುದಿಲ್ಲ. ಡಿಸ್ಕ್ ನೆನೆದ ಮಾತ್ರಕ್ಕೆ ಫೋಟೋ ಹೋಯಿತು ಎಂದುಕೊಳ್ಳಬೇಕಿಲ್ಲ. ಅಪಾಯವಿರುವುದು ನೀರು ಒಣಗಿದಾಗ ಉಳಿಯುವ ವಸ್ತುವಿನಲ್ಲಿ. ನೆರೆಯ ನೀರಿನಲ್ಲಿ ಎರೆಮಣ್ಣು, ಉಪ್ಪು, ಎಣ್ಣೆ, ಕೊಳಚೆ ಎಲ್ಲವೂ ಇರುತ್ತವೆ. ಕೊಡದ ನೀರು ಆರಿದ ಮೇಲೆ ತಳದಲ್ಲಿ ಬಿಳಿ ಪೊರೆ ಕಟ್ಟುವ ಹಾಗೆ ತಟ್ಟೆಯ ಮೇಲೂ ಕಟ್ಟುತ್ತದೆ. ಒಮ್ಮೆ ಗಟ್ಟಿಯಾಗಿ ಕಟ್ಟಿದರೆ ತೆಗೆಯುವುದು ಕಷ್ಟ, ಜತೆಗೆ ತುಕ್ಕೂ ಹಿಡಿಯುತ್ತದೆ.

ಮುಚ್ಚಿದ ಲೋಹದ ಪೆಟ್ಟಿಗೆಯೊಳಗಿನ ನೀರನ್ನು ಅಕ್ಕಿ ಹೀರಿಕೊಳ್ಳಲಾರದು. ಅದು ಕೊಡುವುದು ಹಿಟ್ಟಿನ ಧೂಳನ್ನು ಮಾತ್ರ. ಬಿಸಿಲು ಮತ್ತು ಹೇರ್ ಡ್ರೈಯರ್ ಮಣ್ಣನ್ನು ಬೇಗ ಗಟ್ಟಿ ಮಾಡುತ್ತವೆ, ಅಷ್ಟೇ.

ಡೇಟಾ ರಿಕವರಿ ಲ್ಯಾಬ್‌ಗಳು ಹೇಳುವುದು ಇದಕ್ಕೆ ತದ್ವಿರುದ್ಧ: ನೆನೆದ ಹಾರ್ಡ್ ಡಿಸ್ಕನ್ನು ಒಣಗಿಸಬೇಡಿ. ಕರೆಂಟ್ ಕೊಡಬೇಡಿ. ಒದ್ದೆ ಬಟ್ಟೆ ಅಥವಾ ಟಿಶ್ಯೂ ಜತೆ ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಆದಷ್ಟು ಬೇಗ ಲ್ಯಾಬ್‌ಗೆ ತಲುಪಿಸಿ. ಅಲ್ಲಿ ತಟ್ಟೆಗಳನ್ನು ಶುದ್ಧ ದ್ರಾವಣದಲ್ಲಿ ತೊಳೆದು, ಸರಿಯಾದ ರೀತಿಯಲ್ಲಿ ಒಣಗಿಸುತ್ತಾರೆ.

ನಮ್ಮ ತೀರ್ಪು: ಅಕ್ಕಿ ಸುಳ್ಳು. ಒಣಗಿಸುವುದೇ ತಪ್ಪು.

3. ಟಕ್ ಟಕ್ ಎಂದರೆ ತಟ್ಟಬೇಕೇ? ಬಿಚ್ಚಿ ನೋಡಬಹುದೇ?

ಒಂದೇ ಲಯದಲ್ಲಿ ಬರುವ ಟಕ್ ಟಕ್ ಸದ್ದಿನ ಅರ್ಥ ಇಷ್ಟು: ಹೆಡ್ ತಟ್ಟೆಯ ಮೇಲಿನ ತನ್ನ ದಾರಿಯ ಗುರುತನ್ನು ಹುಡುಕುತ್ತಿದೆ, ಸಿಗದೆ ವಾಪಸ್ ಬರುತ್ತಿದೆ, ಮತ್ತೆ ಹೋಗುತ್ತಿದೆ. ಹೆಡ್ ಮುರಿದಿರಬಹುದು, ಬಾಗಿರಬಹುದು. ಮುರಿದ ಹೆಡ್ ಸೆಕೆಂಡಿಗೆ 90 ಸಲ ತಟ್ಟೆಯನ್ನು ಉಜ್ಜುತ್ತಿದ್ದರೆ ಏನಾಗುತ್ತದೆ ಎಂದು ಊಹಿಸಿಕೊಳ್ಳಿ. ಕರೆಂಟ್ ಕೊಟ್ಟ ಒಂದೊಂದು ನಿಮಿಷವೂ ನಷ್ಟ.

ತಟ್ಟುವುದಂತೂ ಇನ್ನೂ ಅಪಾಯ. ಸಣ್ಣ ಡಿಸ್ಕ್‌ಗಳ ತಟ್ಟೆ ಸಾಮಾನ್ಯವಾಗಿ ಗಾಜಿನದಾಗಿರುತ್ತದೆ. ಗಾಜು ಒಡೆದರೆ ಮುಂದೆ ಮಾತೇ ಇಲ್ಲ.

ಕೆಲವು ವಿಡಿಯೋಗಳಲ್ಲಿ ಮನೆಯ ಟೇಬಲ್ ಮೇಲೆ ಸ್ಕ್ರೂ ಬಿಚ್ಚಿ, ಹೆಡ್ ಸರಿಸಿ, ‘ನೋಡಿ ಓಡಿತು’ ಎಂದು ತೋರಿಸುತ್ತಾರೆ. ಸ್ವಲ್ಪ ಹೊತ್ತು ಓಡಲೂಬಹುದು. ಆದರೆ ಲ್ಯಾಬ್‌ಗಳು ಇದೇ ಕೆಲಸವನ್ನು ಗಾಳಿಯನ್ನು ಸತತವಾಗಿ ಸೋಸುವ ‘ಕ್ಲೀನ್ ರೂಮ್’ ಅಥವಾ ಅಂಥ ವಿಶೇಷ ಮೇಜಿನ ಮೇಲೆ, ಅದೇ ಮಾದರಿಯ ಇನ್ನೊಂದು ಡಿಸ್ಕ್‌ನ ಹೆಡ್ ತಂದು ಜೋಡಿಸಿ ಮಾಡುತ್ತವೆ. ಬೇಸಿಗೆಯಲ್ಲಿ ಬಾದಾಮಿಯ ಕೆಂಪು ಧೂಳು, ಇಳಕಲ್ ಸುತ್ತಿನ ಗ್ರಾನೈಟ್ ಕ್ವಾರಿಗಳ ಧೂಳು ಬಾಗಿಲು ಹಾಕಿದ ಮನೆಯೊಳಗೂ ಬಂದು ಕೂರುತ್ತದೆ. ಅಂಥ ಕಡೆ ಡಿಸ್ಕ್‌ನ ಮುಚ್ಚಳ ತೆಗೆಯುವುದು ಹಣ್ಣನ್ನು ಸುಲಿದು ಬೀದಿಯಲ್ಲಿಟ್ಟ ಹಾಗೆ.

ನಮ್ಮ ತೀರ್ಪು: ತಟ್ಟಬೇಡಿ, ಬಿಚ್ಚಬೇಡಿ, ಮತ್ತೆ ಮತ್ತೆ ಚುಚ್ಚಿ ನೋಡಬೇಡಿ.

4. ಹಸಿರು ಬೋರ್ಡ್ ಬದಲಿಸಿದರೆ ಸಾಕೇ?

ಡಿಸ್ಕ್ ಅಡಿಯಲ್ಲಿರುವ ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟರೆ, ಅದೇ ಮಾದರಿಯ ಇನ್ನೊಂದನ್ನು ಹಾಕಿದರಾಯಿತು ಎಂಬ ಮಾತಿದೆ. ಬಹಳ ಹಳೆಯ ಡಿಸ್ಕ್‌ಗಳಲ್ಲಿ ಇದು ಕೆಲಸ ಮಾಡುತ್ತಿತ್ತು. ಈಗ ಒಂದೊಂದು ಡಿಸ್ಕ್‌ಗೂ ಕಾರ್ಖಾನೆಯಲ್ಲೇ ಪ್ರತ್ಯೇಕ ಹೊಂದಾಣಿಕೆ ಮಾಡಿ, ಆ ವಿವರವನ್ನು ಬೋರ್ಡ್‌ನ ಒಂದು ಚಿಪ್‌ನಲ್ಲಿ ಬರೆದಿರುತ್ತಾರೆ. ಹೊಸ ಬೋರ್ಡ್‌ಗೆ ಆ ವಿವರವನ್ನೂ ಸಾಗಿಸಬೇಕು. ಕೆಲವು ಎಕ್ಸ್‌ಟರ್ನಲ್ ಡಿಸ್ಕ್‌ಗಳಲ್ಲಿ ಅದೇ ಬೋರ್ಡ್ ಮಾಹಿತಿಯನ್ನು ಗೂಢಲಿಪಿಯಾಗಿ ಬದಲಿಸಿ ಬರೆದಿರುತ್ತದೆ. ಆ ಬೋರ್ಡ್ ಎಸೆದರೆ ಬೀಗದ ಕೀಲಿಯನ್ನೇ ಎಸೆದ ಹಾಗೆ.

ನಮ್ಮ ತೀರ್ಪು: ಅರ್ಧ ಸತ್ಯ. ಹಳೆ ಬೋರ್ಡ್ ಸುಟ್ಟಿದ್ದರೂ ಎಸೆಯಬೇಡಿ.

5. ರಿಕವರಿ ಸಾಫ್ಟ್‌ವೇರ್ ಎಲ್ಲವನ್ನೂ ತರುತ್ತದೆಯೇ?

ಸಾಫ್ಟ್‌ವೇರ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ, ಆದರೆ ಡಿಸ್ಕ್ ಗಟ್ಟಿಮುಟ್ಟಾಗಿದ್ದಾಗ ಮಾತ್ರ. ಕೈತಪ್ಪಿ ಫೋಟೋ ಡಿಲೀಟ್ ಆಗಿದ್ದರೆ, ಫಾರ್ಮ್ಯಾಟ್ ಆಗಿದ್ದರೆ, ‘ಈ ಡಿಸ್ಕ್ ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು’ ಎಂದು ಕಂಪ್ಯೂಟರ್ ಕೇಳುತ್ತಿದ್ದರೆ ಸಾಫ್ಟ್‌ವೇರ್‌ನಿಂದ ಆಸೆಯಿದೆ. ಡಿಲೀಟ್ ಎಂದರೆ ಸಾಮಾನ್ಯವಾಗಿ ಪುಸ್ತಕದ ಪರಿವಿಡಿಯಿಂದ ಪಾಠದ ಹೆಸರು ಅಳಿಸಿದ ಹಾಗೆ. ಆ ಪುಟದ ಮೇಲೆ ಬೇರೆ ಬರೆಯುವವರೆಗೆ ಪಾಠ ಅಲ್ಲೇ ಇರುತ್ತದೆ.

ಟೆಸ್ಟ್‌ಡಿಸ್ಕ್, ಫೋಟೋರೆಕ್ ಎಂಬ ಎರಡು ಮುಕ್ತ ಸಾಫ್ಟ್‌ವೇರ್‌ಗಳು ಉಚಿತವಾಗಿವೆ. ಬಳಸುವಾಗ ಮೂರು ನಿಯಮ ನೆನಪಿಡಿ. ಫಾರ್ಮ್ಯಾಟ್ ಮಾಡಲೇ ಎಂದು ಕೇಳಿದರೆ ‘ಬೇಡ’ ಒತ್ತಿ. ಆ ಡಿಸ್ಕ್‌ಗೆ ಹೊಸದೇನನ್ನೂ ಹಾಕಬೇಡಿ. ಸಿಕ್ಕ ಫೈಲುಗಳನ್ನು ಅದೇ ಡಿಸ್ಕ್‌ಗೆ ಸೇವ್ ಮಾಡದೆ ಬೇರೆ ಡಿಸ್ಕ್‌ಗೆ ಇಳಿಸಿ.

ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಿ ಎಂಬ ಸಲಹೆಯೂ ಧಾರಾಳವಾಗಿ ಸಿಗುತ್ತದೆ. ಅದರ ಕೆಲಸ ಫೈಲ್ ವ್ಯವಸ್ಥೆಯನ್ನು ಸರಿಪಡಿಸುವುದು, ನಿಮ್ಮ ಫೋಟೋ ಉಳಿಸುವುದಲ್ಲ. ಸಾಯುತ್ತಿರುವ ಡಿಸ್ಕ್ ಮೇಲೆ ಓಡಿಸಿದರೆ ಗಂಟೆಗಟ್ಟಲೆ ಶ್ರಮ ಕೊಡುತ್ತದೆ, ಕೆಲವೊಮ್ಮೆ ಉಳಿದಿದ್ದ ದಾಖಲೆಯನ್ನೂ ಬದಲಿಸಿಬಿಡುತ್ತದೆ. ಡಿಸ್ಕ್ ನಿಧಾನವಾಗಿ, ನಿಂತು ನಿಂತು ಓಡುತ್ತಿದ್ದರೆ ಮೊದಲು ಇಡೀ ಡಿಸ್ಕ್‌ನ ಪ್ರತಿ ತೆಗೆಯಬೇಕು, ಆಮೇಲೆ ಆ ಪ್ರತಿಯ ಮೇಲೆ ಹುಡುಕಾಟ ನಡೆಸಬೇಕು. ತಿಳಿದ ರಿಪೇರಿಯವರು ಇದನ್ನೇ ಮಾಡುತ್ತಾರೆ.

ಫಾರ್ವರ್ಡ್‌ನ ಲಿಂಕ್‌ನಲ್ಲಿ ಬರುವ ‘ಕ್ರ್ಯಾಕ್’ ಸಾಫ್ಟ್‌ವೇರ್ ಮಾತ್ರ ಬೇಡ. ಅಂಥವುಗಳ ಜತೆ ವೈರಸ್ ಬಂದು ಕಂಪ್ಯೂಟರ್‌ನ ಉಳಿದ ಫೈಲುಗಳಿಗೂ ಬೀಗ ಬೀಳಬಹುದು.

ನಮ್ಮ ತೀರ್ಪು: ಡಿಲೀಟ್ ಆಗಿದ್ದರೆ ಸರಿ. ಸದ್ದು ಮಾಡುವ, ನೆನೆದ, ಬಿದ್ದ ಡಿಸ್ಕ್‌ಗೆ ಬೇಡ.

ಹಾಗಾದರೆ ನಿಜಕ್ಕೂ ವಾಪಸ್ ಬರುತ್ತದೆಯೇ?

ಇದಕ್ಕೆ ಕೊಲಂಬಿಯಾ ಗಗನನೌಕೆಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. 2003ರ ಫೆಬ್ರುವರಿ 1ರಂದು ಭೂಮಿಗೆ ಮರಳುವಾಗ ಆ ನೌಕೆ ಆಕಾಶದಲ್ಲೇ ಚೂರಾಯಿತು. ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಪ್ರಾಣ ಕಳೆದುಕೊಂಡರು. ಕೆಲವು ತಿಂಗಳ ನಂತರ ಅವಶೇಷಗಳ ನಡುವೆ, ಬತ್ತಿದ ಕೆರೆಯ ಪಾತ್ರದಲ್ಲಿ, ಒಂದು ಹಾರ್ಡ್ ಡಿಸ್ಕ್ ಸಿಕ್ಕಿತು. ಹೊರಭಾಗ ಸುಟ್ಟಿತ್ತು, ಒಳಗೆ ಮಣ್ಣು ಹೊಕ್ಕಿತ್ತು, ಆದರೆ ತಟ್ಟೆಗಳು ಬಾಗಿರಲಿಲ್ಲ. ಅಮೆರಿಕದ ಕ್ರೋಲ್ ಆನ್‌ಟ್ರ್ಯಾಕ್ ಎಂಬ ಸಂಸ್ಥೆಯ ತಜ್ಞರು ತಟ್ಟೆಗಳನ್ನು ತೊಳೆದು, ಹೊಸ ಡಿಸ್ಕ್‌ನ ಯಂತ್ರದಲ್ಲಿ ಕೂರಿಸಿ, ಸುಮಾರು 99 ಶೇಕಡಾ ಮಾಹಿತಿಯನ್ನು ಹೊರತೆಗೆದರು. ಕ್ಸೆನಾನ್ ಅನಿಲದ ಕುರಿತ ಆ ಪ್ರಯೋಗದ ಫಲಿತಾಂಶ 2008ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ಪ್ರಕಟವಾಯಿತು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ಅದೇ ನೌಕೆಯ ಇನ್ನೆರಡು ಡಿಸ್ಕ್‌ಗಳಿಂದ ಏನೂ ಸಿಗಲಿಲ್ಲ. ತಟ್ಟೆಯ ಮೇಲ್ಮೈ ಉಳಿದಿದ್ದರೆ ಆಸೆಯಿದೆ, ಅದು ಹೋದರೆ ಎಷ್ಟು ದುಡ್ಡು ಕೊಟ್ಟರೂ ಇಲ್ಲ. ಹಾಗಾಗಿ ನೋಡುವ ಮೊದಲೇ ‘ನೂರಕ್ಕೆ ನೂರು ಗ್ಯಾರಂಟಿ’ ಎನ್ನುವವರನ್ನು ನಂಬಬೇಡಿ.

ಡಿಸ್ಕ್ ಕೆಟ್ಟಾಗ ಏನು ಮಾಡಬೇಕು?

ಲೈಟ್ ಇಲ್ಲ, ಸದ್ದೂ ಇಲ್ಲ: ಡಿಸ್ಕ್ ಬಿದ್ದಿಲ್ಲ, ನೆನೆದಿಲ್ಲ, ಸುಟ್ಟ ವಾಸನೆ ಇಲ್ಲ ಎಂದಾದರೆ ಬೇರೆ ಕೇಬಲ್, ಬೇರೆ ಕಂಪ್ಯೂಟರ್‌ನಲ್ಲಿ ಒಮ್ಮೆ ನೋಡಿ. ಎಷ್ಟೋ ಸಲ ಕೆಟ್ಟಿರುವುದು ಕೇಬಲ್ ಮಾತ್ರ. ಅಡಾಪ್ಟರ್ ಬೇಕಾಗುವ ದೊಡ್ಡ ಡಿಸ್ಕ್ ಆದರೆ ಅದರದ್ದೇ ಅಡಾಪ್ಟರ್ ಹಾಕಿ. ಪಿನ್ ಹೊಂದಿತು ಎಂದು ಬೇರೆ ಅಡಾಪ್ಟರ್ ಚುಚ್ಚಿದರೆ ಬೋರ್ಡ್ ಸುಡುತ್ತದೆ.

ಕಾಣಿಸುತ್ತಿದೆ, ಆದರೆ ನಿಧಾನ: ಡಿಸ್ಕ್ ಮಾಹಿತಿಗೆ ಬೆಲೆಯಿದ್ದರೆ ನಿಲ್ಲಿಸಿ, ತಿಳಿದವರಿಂದ ಪ್ರತಿ ತೆಗೆಸಿ. ನೀವೇ ಮಾಡುವುದಾದರೆ ಅತಿ ಮುಖ್ಯ ಫೋಲ್ಡರ್ ಮೊದಲು, ಸಿನಿಮಾ ಕೊನೆಗೆ.

ಟಕ್ ಟಕ್, ಕೀಂ ಸದ್ದು, ಬಿದ್ದಿದೆ, ನೆನೆದಿದೆ, ಸುಟ್ಟ ವಾಸನೆ: ಆಫ್ ಮಾಡಿ. ಮತ್ತೆ ಆನ್ ಮಾಡಬೇಡಿ.

ಕ್ಲೀನ್ ರೂಮ್ ಇರುವ ಲ್ಯಾಬ್‌ಗಳು ಸಾಮಾನ್ಯವಾಗಿ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿವೆ, ಕೊರಿಯರ್‌ನಲ್ಲೂ ತೆಗೆದುಕೊಳ್ಳುತ್ತವೆ. ಸುತ್ತ ದಪ್ಪ ಸ್ಪಂಜು ಇಟ್ಟು, ಡಬ್ಬಿಯಲ್ಲಿ ಅಲುಗಾಡದ ಹಾಗೆ ಕಟ್ಟಿ ಕಳಿಸಿ. ಡಿಲೀಟ್, ಫಾರ್ಮ್ಯಾಟ್‌ನಂಥ ತೊಂದರೆಗೆ ಬಾಗಲಕೋಟೆ, ಇಳಕಲ್‌ನ ಅನುಭವಿ ಕಂಪ್ಯೂಟರ್ ಅಂಗಡಿಯೇ ಸಾಕಾಗಬಹುದು. ಎಲ್ಲೇ ಕೊಡಿ, ನಾಲ್ಕು ಪ್ರಶ್ನೆ ಕೇಳಿ. ಮೊದಲು ಪ್ರತಿ ತೆಗೆದು ಆಮೇಲೆ ಕೆಲಸ ಮಾಡುತ್ತೀರಾ? ಮುಚ್ಚಳ ಬಿಚ್ಚಬೇಕಾದರೆ ಎಲ್ಲಿ ಬಿಚ್ಚುತ್ತೀರಿ? ಏನೂ ಸಿಗದಿದ್ದರೆ ಎಷ್ಟು ಕೊಡಬೇಕು? ನಮ್ಮ ಫೋಟೋಗಳ ಪ್ರತಿಯನ್ನು ಕೊನೆಗೆ ಅಳಿಸುತ್ತೀರಾ? ಮನೆಯ ಹೆಣ್ಣುಮಕ್ಕಳ ಫೋಟೋ, ಬ್ಯಾಂಕ್ ಕಾಗದ ಇರುವ ಡಿಸ್ಕ್ ಆದ್ದರಿಂದ ಕೊನೆಯ ಪ್ರಶ್ನೆಗೆ ಸಂಕೋಚ ಬೇಡ. ಉತ್ತರಗಳನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಆನ್‌ಲೈನ್‌ನಲ್ಲಿ ಮುಂಗಡ ಹಣ ಕೀಳುವ ಮೋಸಕ್ಕೆ ಸಿಕ್ಕರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಲ್ಯಾಬ್‌ಗೆ ದುಡ್ಡು ಸುರಿಯುವ ಮೊದಲು ಇನ್ನೊಂದು ಕೆಲಸ ಮಾಡಿ. ಅದೇ ಫೋಟೋ ಬೇರೆ ಕಡೆ ಇದೆಯೇ ಹುಡುಕಿ. ಬೀಗರ ಮೊಬೈಲ್, ಸ್ಟುಡಿಯೋದವರ ಕಂಪ್ಯೂಟರ್, ಗೂಗಲ್ ಫೋಟೋಸ್, ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪು, ಎಲ್ಲವನ್ನೂ ನೋಡಿ. ವಾಟ್ಸ್‌ಆ್ಯಪ್ ಫೋಟೋದ ಗುಣಮಟ್ಟ ಕಡಿಮೆ, ಆದರೂ ಏನೂ ಇಲ್ಲದ್ದಕ್ಕಿಂತ ಮೇಲು. ಕ್ಯಾಮೆರಾದ ಹಳೆ ಮೆಮೊರಿ ಕಾರ್ಡ್‌ನಲ್ಲಿ ಡಿಲೀಟ್ ಆದ ಫೋಟೋಗಳು ಇನ್ನೂ ಉಳಿದಿರಬಹುದು. ಆ ಕಾರ್ಡ್ ಬಳಸುವುದನ್ನು ಇಂದೇ ನಿಲ್ಲಿಸಿ.

ಡಿಸ್ಕ್ ಚೆನ್ನಾಗಿರುವವರು ಏನು ಮಾಡಬೇಕು?

ಮೊಬೈಲ್ ತುಂಬಿತೆಂದು ಫೋಟೋಗಳನ್ನೆಲ್ಲ ಡಿಸ್ಕ್‌ಗೆ ಸಾಗಿಸಿ, ಮೊಬೈಲ್‌ನಿಂದ ಅಳಿಸುತ್ತೇವಲ್ಲ, ಅದನ್ನು ಬ್ಯಾಕಪ್ ಎನ್ನಲಾಗದು. ಇದ್ದ ಒಂದೇ ಪ್ರತಿ ಜಾಗ ಬದಲಿಸಿತು, ಅಷ್ಟೇ. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ ಎಂಬುದು ಜಗತ್ತಿನಾದ್ಯಂತ ಹೇಳುವ ಸರಳ ಲೆಕ್ಕ. ನಮ್ಮ ಮಟ್ಟಿಗೆ ಹೇಳುವುದಾದರೆ ಒಂದು ಡಿಸ್ಕ್ ಹೊಳೆದಂಡೆಯ ಮನೆಯಲ್ಲಿ, ಇನ್ನೊಂದು ಹುಬ್ಬಳ್ಳಿಯ ಅಕ್ಕನ ಮನೆಯಲ್ಲಿ, ಆಯ್ದ ಫೋಟೋಗಳು ಕ್ಲೌಡ್‌ನಲ್ಲಿ. ಮಲಪ್ರಭೆ ಉಕ್ಕಿದರೆ ಒಂದೇ ಮನೆಯ ಎರಡು ಡಿಸ್ಕ್‌ಗಳೂ ಒಟ್ಟಿಗೇ ನೆನೆಯುತ್ತವೆ ಎಂಬುದು ನೆನಪಿರಲಿ. ಆರು ತಿಂಗಳಿಗೊಮ್ಮೆ ಡಿಸ್ಕ್ ಹಾಕಿ, ನಾಲ್ಕು ಫೈಲ್ ತೆರೆದು ನೋಡಿ.

ತೀರ್ಮಾನ: ಫ್ರೀಜರ್, ಅಕ್ಕಿ ಮತ್ತು ತಟ್ಟುವ ಸಲಹೆಗಳು ತಪ್ಪು ಮಾಹಿತಿ. ಬೋರ್ಡ್ ಮತ್ತು ಸಾಫ್ಟ್‌ವೇರ್ ಸಲಹೆಗಳು ಅರ್ಧ ಸತ್ಯ. ಕೆಟ್ಟ ಡಿಸ್ಕ್‌ಗೆ ಕರೆಂಟ್ ಕೊಡದಿದ್ದರೆ ಅದರೊಳಗಿನದು ಉಳಿಯುವ ಅವಕಾಶ ಹೆಚ್ಚು. ಮುಂದಿನ ಸಲ ಫ್ರೀಜರ್ ಸಂದೇಶ ಬಂದಾಗ ಅದನ್ನು ಮುಂದೆ ಕಳಿಸುವ ಬದಲು ಈ ಒಂದು ಸಾಲು ಕಳಿಸಿ: ಡಿಸ್ಕ್ ಕೆಟ್ಟರೆ ಮೊದಲು ಕೇಬಲ್ ಕೀಳಿ.